ಆಚೆ ಗುಡ್ಡದಿಂದ ಬಂದ ಕೂ

ಶಿವಮೊಗ್ಗ ಬಿಟ್ಟ ಬಸ್ಸು ನರಸಿಂಹರಾಜಪುರ ಮುಟ್ಟುವಷ್ಟರಲ್ಲಿ ನನಗೆ ಎರಡು ನಿದ್ದೆಯಾಗಿತ್ತು. ಭದ್ರಾ ಹಿನ್ನೀರಿನ ಮೇಲೆ ಮಂಜು ಕೂತಿತ್ತು. ನೀರೆಲ್ಲಿ, ಆಕಾಶವೆಲ್ಲಿ ತಿಳಿಯಲಿಲ್ಲ. ಹಾವೇರಿ ಕಡೆಯವನಾದ ನನಗೆ ಈ ಊರುಗಳು ಯಾವತ್ತೂ ಅರೆನಿದ್ದೆಯಲ್ಲಿ ಕಂಡಂಥವೇ. ಇಲ್ಲಿ ಪೊಲೀಸ್ ಪೇದೆಯಾಗಿದ್ದಾಗಲೂ ಹಾಗೇ ಅನ್ನಿಸುತ್ತಿತ್ತು. ಈಗ ನಿವೃತ್ತಿಯಾಗಿದೆ, ಎಡಗಾಲು ಕುಂಟು, ಬಾಯಿ ಮಾತ್ರ ಗಟ್ಟಿ.

ಕೊಪ್ಪದಲ್ಲಿ ಬನ್ಸ್ ತಿಂದೆ. ಕಾಫಿ ನೀರಾಗಿತ್ತು, ಜಗಳಾಡಿ ಇನ್ನೊಂದು ಮಾಡಿಸಿಕೊಂಡೆ. ಶೃಂಗೇರಿ ಬಸ್ಸಿನಲ್ಲಿ ಪಕ್ಕದವರು, "ದೇವಸ್ಥಾನಕ್ಕಾ?" ಎಂದರು.

"ಅಲ್ರೀ, ಒಬ್ಬರಿಗೆ ಥ್ಯಾಂಕ್ಸ್ ಹೇಳಾಕ."

"ಯಾರಿಗೆ ಮಾರಾಯ್ರೆ?"

"ಹೆಸರು ಗೊತ್ತಿಲ್ರಿ."

ಅವರು ಕಿಟಕಿ ಕಡೆ ತಿರುಗಿ ಕೂತರು.

ಶೃಂಗೇರಿಯಾಚೆಯ ಕಾಡಿನಲ್ಲಿ ನಕ್ಸಲರು ನಮ್ಮ ತಂಡದ ಮೇಲೆ ಗುಂಡು ಹಾರಿಸಿ ವರ್ಷಗಳಾದವು. ಇಬ್ಬರು ಗೆಳೆಯರು ಅಲ್ಲೇ ಸತ್ತರು. ಕಾಲಿಗೆ ಗುಂಡು ಬಿದ್ದು ನಾನು ಹಳ್ಳಕ್ಕೆ ಉರುಳಿದೆ. ಗುಂಡಿನ ಸದ್ದು ನಿಂತಾಗ ಸಂಜೆ, ಸುತ್ತ ಮಂಜು. ಮಾತಾಡಿ ಕೂಗಿದರೆ ನನ್ನ ಹಾವೇರಿ ಮಾತಿನಿಂದಲೇ ಪೊಲೀಸನೆಂದು ನಕ್ಸಲರಿಗೆ ತಿಳಿದುಬಿಡುತ್ತದೆ. ಇಲ್ಲಿಯವರು ಕಾಡಿನಲ್ಲಿ ಒಬ್ಬರನ್ನೊಬ್ಬರು ಕರೆಯುವ ಹಾಗೆ "ಕೂ..." ಹಾಕಿದೆ. ಆಚೆ ಗುಡ್ಡದ ಒಂಟಿಮನೆಯಿಂದ ಹೆಣ್ಣುದನಿ "ಕೂ..." ಎಂದಿತು. ನಾನು ಕರೆದಾಗಲೆಲ್ಲ ಓಗೊಟ್ಟಿತು. ನಮ್ಮವರು ಬರುವ ತನಕ ಆ ದನಿ ಹಿಡಿದುಕೊಂಡೇ ಬದುಕಿದೆ.

ಈಗ ಶೃಂಗೇರಿಯಲ್ಲಿ ಬಸ್ಸು ಬದಲಿಸಿ, ಅದೇ ಗುಡ್ಡದ ಬುಡದಲ್ಲಿ ಇಳಿದು, ಕುಂಟುತ್ತಾ ಹತ್ತಿದೆ. ಮನೆಯಲ್ಲಿದ್ದವಳು ಸುಶೀಲ, ತೋಟದ ಕೂಲಿಯವಳು. ಕೇಳದೆಯೇ ಕಷಾಯ ಕೊಟ್ಟಳು. "ಆ ಗುಂಡಿನ ಗಲಾಟೆ ದಿನ ಇಲ್ಲೇ ಇದ್ರೇನು?" ಎಂದು ಶುರುಮಾಡಿದೆ.

"ಇದ್ದೆನಲ್ಲ. ಅವತ್ತೇ ನಮ್ಮ ರಾಜು ಕೂ ಹಾಕಿದ್ದು," ಎಂದಳು. ರಾಜು ಅವಳ ತಮ್ಮ, ನಕ್ಸಲರ ಜೊತೆ ಕಾಡು ಸೇರಿದವನು. "ಊರವ್ರು ಸತ್ತ ಅಂತಾರೆ. ಸುಳ್ಳು ಮಾರಾಯ್ರೆ! ಗುಂಡು ನಿಂತ ಮೇಲೆ ಕೂ ಹಾಕ್ದ, ನಾ ಓಗೊಟ್ಟೆ. ಹೋಗುವ ಅಂದ್ರೆ ಅಪ್ಪ ಬಾಗ್ಲು ದಾಟ್ಲಿಕ್ಕೆ ಬಿಡ್ಲಿಲ್ಲ. ಈಗ ಎಲ್ಲರೂ ಪೇಟೆಗೆ ಇಳಿದ್ರು. ನಾ ಎಂತಕ್ಕೆ ಹೋಗ್ಲಿ? ಅವ ಬಂದು ಕೂ ಹಾಕಿದ್ರೆ ಓ ಅನ್ನೋರು ಬೇಡ್ವಾ?"

ಕಷಾಯ ಕೈಯಲ್ಲೇ ತಣ್ಣಗಾಯಿತು. ಗಟ್ಟಿ ಬಾಯಿಯವನೆಂದೆನಲ್ಲ, ಥ್ಯಾಂಕ್ಸನ್ನೂ ಹೇಳದೆ ಲೋಟ ಕೆಳಗಿಟ್ಟೆ. "ಬರ್ತೀನ್ರಿ" ಎಂದು ಇಳಿದುಬಿಟ್ಟೆ.

ರಸ್ತೆ ಸೇರುವಾಗ ಸಂಜೆ. ಮಂಜಿನಲ್ಲಿ ಮರಗಳು ಒಂದೊಂದಾಗಿ ಇಲ್ಲವಾಗುತ್ತಿದ್ದವು. ಮೇಲಿನಿಂದ "ಕೂ..." ಬಂತು. ದಿನವೂ ಹಾಕುತ್ತಾಳೋ ಏನೋ. ಅದೇ ದನಿ! ರಸ್ತೆ, ಬಸ್ಸು, ನನ್ನ ವಯಸ್ಸು ಎಲ್ಲ ಮರೆತು ಆ ಹಳ್ಳದಲ್ಲೇ ಬಿದ್ದಿದ್ದೆ. ತಿಳಿಯುವ ಮೊದಲೇ ನನ್ನ ಬಾಯಿ "ಕೂ..." ಎಂದಿತ್ತು.

ಸುಶೀಲ ಓಗೊಟ್ಟಳು. ಮತ್ತೆ, ಮತ್ತೆ, ಪ್ರತಿ ಸಲವೂ ದನಿ ಹತ್ತಿರ. ಅಯ್ಯೋ ದೇವರೇ, ಅವಳು ಗುಡ್ಡ ಇಳಿದು ಓಡಿ ಬರುತ್ತಿದ್ದಳು.

ಶೃಂಗೇರಿಯ ಬಸ್ಸು ಬಂದು ನಿಂತಿತು. "ಹತ್ತಿ ಮಾರಾಯ್ರೆ, ಇದಾದ್ಮೇಲೆ ಬಸ್ಸಿಲ್ಲ," ಎಂದ ಕಂಡಕ್ಟರ್.

"ನೀವು ಹೋಗ್ರಿ," ಎಂದೆ.

ಬಸ್ಸು ಹೋಯಿತು. ಅವತ್ತು ಕೂ ಹಾಕಿದವನು ನಾನೇ ಎಂದು ಹೇಳಲು ಗುಡ್ಡದ ಕಡೆ ಮುಖ ಮಾಡಿ ನಿಂತೆ.