ಎಡಕ್ಕೆ ತಿರುಗಿಸಿದ ನಾಬು

ನಿನ್ನ ಸ್ವರ ಹೋಗಿರಲಿಲ್ಲ ಹಮೀದ್. ಹೋಗಿದೆ ಎಂದು ನಿನ್ನನ್ನು ನಂಬಿಸಿದವನು ನಾನು. ನಂಬಿಸಲಿಕ್ಕೆಂದೇ ಟೇಪಿನ ವೇಗ ಇಳಿಸಿದವನೂ ನಾನೇ.

ಇಷ್ಟನ್ನು ಹೇಳಲು ಇಷ್ಟು ವರ್ಷ ಬೇಕಾಯಿತು — ಥೂ, ನನ್ನ ಜನ್ಮಕ್ಕಿಷ್ಟು.

ನಾವಿಬ್ಬರೂ ಕಟ್ಟಿದ ‘ಕರೆಗಾಳಿ ಕ್ಯಾಸೆಟ್ಸ್’ ಯಾಕೆ ಮುಚ್ಚಿತು ಎಂದು ಊರವರು ಈಗಲೂ ಕೇಳುವುದುಂಟು. “ಸೀಡಿ ಬಂತು, ಖಲಾಸ್” ಎಂದು ಕೈ ಕೊಡವುತ್ತೇನೆ. ಪಾಪ, ಎಲ್ಲರೂ ತಲೆಯಾಡಿಸುತ್ತಾರೆ. ಸೀಡಿ ಬಂದದ್ದು ನಿಜ. ಆದರೆ ಅದು ಬರುವ ಮೊದಲೇ ನಮ್ಮ ಕಂಪೆನಿಯ ಕತ್ತು ಹಿಸುಕಿದ್ದೆ ನಾನು.

ನೆನಪಿದೆಯಲ್ಲ — ಬರ್ ದುಬೈಯಲ್ಲಿ ನೀನು ಕೆಲಸಕ್ಕಿದ್ದ ಬಟ್ಟೆ ಅಂಗಡಿಯ ಮಾಳಿಗೆ? ಬಟ್ಟೆಯ ಥಾನುಗಳನ್ನು ಗೋಡೆಯುದ್ದಕ್ಕೂ ಒಟ್ಟಿ, ಎಸಿ ಆರಿಸಿ, ಬೆವರಿಳಿಸಿಕೊಂಡು ರೆಕಾರ್ಡ್ ಮಾಡುತ್ತಿದ್ದೆವು. ಎಸಿ ಹಾಕಿದರೆ ಅದರ ಗೊರಗೊರವೂ ಟೇಪಿಗೆ ಇಳಿಯುತ್ತಿತ್ತು. ನೀನು ಹಾಡುತ್ತಿದ್ದುದು ನಿನ್ನದೇ ಬದುಕು. ಮದುವೆಯಾದ ತಿಂಗಳಿಗೇ ವಿಮಾನ ಹತ್ತಿದ್ದು, ಮಗುವಿನ ಮುಖ ಫೋಟೋದಲ್ಲಿ ಕಂಡದ್ದು — ತುಳುವಿನಲ್ಲೊಂದು, ಬ್ಯಾರಿಯಲ್ಲೊಂದು. ಬ್ಯಾಚುಲರ್ ರೂಮುಗಳಲ್ಲಿ ಗಂಡಸರು ಅದನ್ನು ಕೇಳಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು. ರಜೆಗೆ ಊರಿಗೆ ಹೋಗುವವರ ಪೆಟ್ಟಿಗೆಯಲ್ಲಿ ಸೆಂಟು, ಸಾಬೂನಿನ ಜೊತೆ ನಮ್ಮ ಕ್ಯಾಸೆಟ್ಟೂ ಇರುತ್ತಿತ್ತು. ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟುವಾಗ ಯಾರಾದರೂ ನಿನ್ನ ಹಾಡು ಗುನುಗಿದರೆ ನಾನು ಉಬ್ಬಿಹೋಗುತ್ತಿದ್ದೆ. ಹಾಡಿದ್ದು ನೀನು, ಉಬ್ಬಿದ್ದು ನಾನು!

ಆಮೇಲೆ ಮುಂಬೈಯ ಆ ದೊಡ್ಡ ಕಂಪೆನಿಯವರು ನಿನ್ನನ್ನು ಕರೆದರು. ಹೇಳದೆ ಕೇಳದೆ ಹೋಗುವವರು ಎಷ್ಟಿಲ್ಲ? ನೀನು ನೇರ ನನ್ನ ಹತ್ತಿರ ಬಂದೆ.

“ಜಯಣ್ಣ, ನೀವು ಹೋಗು ಅಂದ್ರೆ ಮಾತ್ರ ಹೋಗ್ತೇನೆ.”

ಹೋಗು — ಆ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ನೀನು ಹೋದರೆ ಕಂಪೆನಿಯಲ್ಲಿ ನಾನೊಬ್ಬನೇ, ಮತ್ತೆ ಆ ಥಾನುಗಳು. ಹೋಗಬೇಡ ಎನ್ನುವ ಧೈರ್ಯವೂ ಬರಲಿಲ್ಲ.

“ಹೊಸ ಹಾಡು ಒಮ್ಮೆ ಕೇಳುವ, ಕೂತ್ಕೋ” ಎಂದು ಟೇಪ್ ಡೆಕ್ಕಿನ ವೇಗದ ನಾಬನ್ನು ಎಡಕ್ಕೆ ತಿರುಗಿಸಿದೆ. ಸ್ವಲ್ಪವೇ. ನಿನ್ನ ಸ್ವರ ದಪ್ಪವಾಗಿ ಎಳೆಯತೊಡಗಿತು, ದಣಿದ ಮುದುಕ ಹಾಡಿದ ಹಾಗೆ. ಹಾರ್ಮೋನಿಯಂ ಕೂಡ ಅಷ್ಟೇ ಇಳಿದಿತ್ತು. ಆದರೆ ನಿನ್ನ ಗಮನವೆಲ್ಲ ನಿನ್ನ ಗಂಟಲ ಮೇಲೆ. ನೀನು ಗಾಬರಿಯಿಂದ ನನ್ನ ಮುಖ ನೋಡಿದೆ.

“ಸ್ವರ ಹೋಗಿದೆ ಮಾರಾಯ. ಅಲ್ಲಿ ಹೋಗಿ ನಗೆಪಾಟಲಾಗ್ಬೇಡ.”

ನೀನು ಮುಂಬೈಗೆ ಹೋಗಲಿಲ್ಲ. ನಾನು ಬಯಸಿದ್ದೂ ಅದೇ — ಆದರೆ ನೀನು ನಮ್ಮ ಮಾಳಿಗೆಗೂ ಬರಲಿಲ್ಲ. ನಾನು ಗೋಗರೆದೆ. “ಹೋದ ಸ್ವರ ಇಟ್ಕೊಂಡು ನಿಮ್ಮ ಹೆಸರು ಯಾಕೆ ಹಾಳು ಮಾಡ್ಲಿ ಜಯಣ್ಣ” ಎಂದು ನೀನು ಕೆಳಗೆ ಬಟ್ಟೆ ಅಳೆಯುತ್ತ ನಿಂತುಬಿಟ್ಟೆ. ಬೇರೆಯವರಿಂದ ಹಾಡಿಸಿದ ಕ್ಯಾಸೆಟ್ಟುಗಳು ಡಬ್ಬಿಯಲ್ಲೇ ಉಳಿದವು. ಕಂಪೆನಿ ಮುಚ್ಚಿತು. ಆಗಲಾದರೂ ನಿಜ ಹೇಳಬಹುದಿತ್ತು... ಹೇಳಲಿಲ್ಲ.

ಕಳೆದ ವಾರ ಇಲ್ಲಿ ಅಬುಧಾಬಿಯಲ್ಲಿ, ಅಲ್ ಮೀನಾದ ಮೀನು ಮಾರ್ಕೆಟ್ಟಿನಲ್ಲಿ, ಇಲ್ಲೇ ಹುಟ್ಟಿದ ಕಿರಿಯ ಮಗನ ಜೊತೆ ನೀನು ಸಿಕ್ಕಿದೆ. “ನಿನ್ನಪ್ಪನ ಹಾಡು ಕೇಳಿದ್ದೀಯಾ?” ಎಂದು ಅವನನ್ನು ಕೇಳಿಬಿಟ್ಟೆ, ಯಾಕೆ ಕೇಳಿದೆನೋ.

“ಡ್ಯಾಡ್? ಸಿಂಗಿಂಗ್? ನೋ ವೇ ಅಂಕಲ್!”

ನೀನು ನಕ್ಕೆ. “ಸ್ವರ ಹೋಯ್ತು ಮಗಾ. ಜಯಣ್ಣ ಅವತ್ತು ಸತ್ಯ ಹೇಳಿದ್ದಕ್ಕೆ ನನ್ನ ಮರ್ಯಾದೆ ಉಳೀತು” ಎಂದು ಅಂಜಲ್ ಮೀನಿನ ಒಳ್ಳೆಯ ತುಂಡುಗಳನ್ನು ನನ್ನ ಚೀಲಕ್ಕೆ ಹಾಕಿದೆ.

ಆ ಮೀನನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ ಹಮೀದ್. ಹಳೆಯ ಟೇಪು ಹುಡುಕಿ ಸರಿಯಾದ ವೇಗದಲ್ಲಿ ಹಾಕಿದೆ. ಎಂಥ ಸ್ವರ ಮಾರಾಯ! ಎಲ್ಲೂ ಒಂದು ಬಿರುಕಿಲ್ಲ. ನಿನಗಾಗ ಮೂವತ್ತೂ ಆಗಿರಲಿಲ್ಲ. ಸಾಕಾಗಿದೆ ನನಗೆ, ಈ ಸುಳ್ಳನ್ನು ಇನ್ನು ಹೊರಲಾರೆ. ಹೊತ್ತದ್ದಕ್ಕೆ ಕನಿಕರವನ್ನೂ ಕೇಳಲಾರೆ.

ಭಾನುವಾರ ಡೆಕ್ ಹಿಡಿದುಕೊಂಡು ದುಬೈಯ ಇಂಟರ್‌ನ್ಯಾಷನಲ್ ಸಿಟಿಯ ನಿನ್ನ ಮನೆಗೆ ಬರುತ್ತೇನೆ. ಮಗನನ್ನೂ ಕೂರಿಸಿಕೋ. ಮೊದಲು ಅವತ್ತು ಕೇಳಿಸಿದ ಹಾಗೆಯೇ ಕೇಳಿಸುತ್ತೇನೆ. ಆಮೇಲೆ ನಾಬನ್ನು ನೀನೇ ತಿರುಗಿಸು. ಹಾಡು ಮುಗಿಯುವವರೆಗೆ ಬಾಗಿಲ ಹತ್ತಿರ ನಿಂತಿರುತ್ತೇನೆ. ನೀನು ಹೋಗು ಅಂದರೆ ಹೋಗುತ್ತೇನೆ.