ಟೈಲರಮ್ಮನ ಮನೆಯಿಂದ ಹೊರಟ ಚಿಂದಿ

ಟೈಲರಮ್ಮನ ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಬೀದಿಗೆ ಮುಖ ಮಾಡಿದ ಹೊಲಿಗೆ ಯಂತ್ರ, ಅದರ ಪಕ್ಕದಲ್ಲಿ ಬಟ್ಟೆ ಕತ್ತರಿಸುವ ಮೇಜು, ಮೇಜಿನ ಕೆಳಗೆ ಬಟ್ಟೆಚೂರುಗಳ ರಾಶಿ. ಆ ರಾಶಿಯ ಮೇಲೆ ಸಾಮಾನ್ಯವಾಗಿ ಕಾಯಿಲೆಯ ನಾಯಿಯೊಂದು ಮಲಗಿರುತ್ತದೆ. ಎದುರು ಸಾಲಿನಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ಪಶುವೈದ್ಯೆ ಕಳಿಸಿಕೊಟ್ಟದ್ದು. ಚೇತರಿಸಿಕೊಂಡು ಮನೆ ಸಿಗುವ ತನಕ ಸಾಕುವುದು, ಸಿಕ್ಕ ಕೂಡಲೇ ಕಳಿಸಿಕೊಡುವುದು ಟೈಲರಮ್ಮ ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು. ಒಂದನ್ನು ಉಳಿಸಿಕೊಂಡರೆ ಮುಂದಿನದಕ್ಕೆ ಜಾಗವಿಲ್ಲ.

ಈ ಸಲ ಬಂದದ್ದು ಮರಿ ಮಾರುವವನೊಬ್ಬನ ಶೆಡ್ಡಿನಿಂದ ಬಿಡಿಸಿ ತಂದ ಹೆಣ್ಣುನಾಯಿ. ಮರಿ ಹಾಕುವುದೊಂದೇ ಅಲ್ಲಿ ಅದರ ಬದುಕಾಗಿತ್ತು. ತಂತಿಜಾಲರಿಯ ಗೂಡಿನಲ್ಲಿ ನಿಂತು ನಿಂತು ಉಗುರುಗಳು ಸುರುಳಿ ಸುತ್ತಿ ಅಂಗಾಲಿಗೆ ಚುಚ್ಚಿಕೊಂಡಿದ್ದವು. ಬಿಳಿ ಕೂದಲು ಗಂಟುಗಟ್ಟಿತ್ತು. ಕೊಳೆತ ಹಲ್ಲುಗಳನ್ನು ವೈದ್ಯೆ ಕಿತ್ತು ತೆಗೆದರು. ಹೃದಯದ ಕವಾಟ ಸೋರುತ್ತಿದ್ದುದಕ್ಕೆ ಮಾತ್ರ ಪೂರ್ತಿ ವಾಸಿಯಾಗುವ ದಾರಿಯಿರಲಿಲ್ಲ. ಬೆಳಿಗ್ಗೆ ಸಂಜೆ ಊಟದೊಳಗೆ ಸೇರಿಸಿ ಮಾತ್ರೆ ಕೊಡಬೇಕು. ತಪ್ಪಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಹೆಸರಿಟ್ಟವರು ಟೈಲರಮ್ಮನ ಅತ್ತೆ.

"ಈ ರಾಶೀಲಿ ನಾಯಿ ಯಾವುದು, ಚಿಂದಿ ಯಾವುದು ಅಂತ ಗೊತ್ತೇ ಆಗಲ್ಲ ಕಣೇ. ಗುಡಿಸೋವಾಗ ಜೊತೇಲೇ ಬಿಸಾಕಿಬಿಟ್ಟೇನು."

ಹಾಗೆ ಅದು ಚಿಂದಿಯಾಯಿತು.

ಮೊದಮೊದಲು ಚಿಂದಿ ಏನನ್ನೂ ಮುಟ್ಟಲಿಲ್ಲ. ಕೈಯಲ್ಲಿ ಹಿಡಿದು ಕೊಟ್ಟರೆ ಮುಖ ತಿರುಗಿಸಿ ನಡುಗುತ್ತಿತ್ತು. ಸಾಕಾಗಿ ಟೈಲರಮ್ಮ ಬಟ್ಟಲನ್ನು ನೆಲದ ಮೇಲಿಟ್ಟು ಹೊಲಿಯಲು ಕುಳಿತರು. ಯಂತ್ರ ಓಡುತ್ತಿದ್ದಂತೆ ಬಟ್ಟಲು ನೆಕ್ಕುವ ಸದ್ದು ಕೇಳಿಸಿತು. ಯಂತ್ರ ನಿಲ್ಲಿಸಿದರೆ ಅದೂ ನಿಂತಿತು. ಅಂದಿನಿಂದ, ಹೊಲಿಯಲು ಬಟ್ಟೆ ಇರಲಿ ಬಿಡಲಿ, ಚಿಂದಿಯ ಊಟದ ಹೊತ್ತಿಗೆ ಅವರು ಹಳೆಯ ದಿಂಬಿನ ಚೀಲವೊಂದನ್ನು ಸೂಜಿಯ ಕೆಳಗೆ ಓಡಿಸತೊಡಗಿದರು.

"ಸಂಗೀತ ಇಲ್ಲದೆ ಊಟ ಇಳಿಯಲ್ವಂತೆ ಮಹಾರಾಣಿಗೆ," ಎಂದರು ಅತ್ತೆ. "ಈ ಉಪಚಾರ ನೀನು ಹೊಸದಾಗಿ ಬಂದಾಗ ನಾನೂ ನಿನಗೆ ಮಾಡಬಹುದಿತ್ತು."

"ನೀವು ಬೈತಾ ಇದ್ರಲ್ಲ ಅತ್ತೆ, ಅದೇ ಸಂಗೀತ. ಎರಡು ತುತ್ತು ಜಾಸ್ತೀನೇ ಇಳೀತಿತ್ತು."

ಚಿಂದಿ ಮೈ ತುಂಬಿಕೊಂಡಿತು. ಗಟ್ಟಿನೆಲದ ಮೇಲೆ ನಡೆಯಲು ಕಲಿತು ಹೊಸ್ತಿಲವರೆಗೆ ಬರತೊಡಗಿತು. ಅಷ್ಟರಲ್ಲಿ ವೈದ್ಯೆ ಒಂದು ಮನೆ ಹುಡುಕಿದ್ದರು. ನಿವೃತ್ತ ಬಸ್ ಡ್ರೈವರ್, ಒಬ್ಬರೇ ಇರುವುದು, ಮಂಡಿನೋವಿನಿಂದ ನಿಧಾನ ನಡಿಗೆ.

"ನನಗೂ ಮೆಟ್ಟಿಲು ಆಗಲ್ಲ, ಅದಕ್ಕೂ ಆಗಲ್ಲ. ಒಳ್ಳೇ ಜೋಡಿ," ಎನ್ನುತ್ತಾ ಅವರು ಚಿಂದಿಯನ್ನು ಎತ್ತಿಕೊಂಡರು. ಟೈಲರಮ್ಮ ಯಂತ್ರದ ಸದ್ದನ್ನು ಅವರ ಫೋನಿಗೆ ತುಂಬಿಕೊಟ್ಟರು. "ಅಣ್ಣಾ, ಊಟಕ್ಕಿಟ್ಟಾಗ ಇದನ್ನ ಹಾಕಿ. ಅಷ್ಟೇ ಸಾಕು."

ಸಾಕಾಗಲಿಲ್ಲ. ಮರುದಿನವೇ ಫೋನ್ ಬಂತು.

"ಅಮ್ಮಾ, ನಿನ್ನೆಯಿಂದ ಒಂದು ತುತ್ತೂ ಮುಟ್ಟಿಲ್ಲ. ನಿಮ್ಮ ಮೆಷಿನ್ ಸದ್ದು ಹಾಕಿದ್ರೆ ಬಾಗಿಲ ಹತ್ರ ಹೋಗಿ ನಿಂತ್ಕೊಳ್ಳುತ್ತೆ. ನೋಡೋಕಾಗಲ್ಲ."

ವೈದ್ಯೆ ಖಚಿತವಾಗಿ ಹೇಳಿದರು: "ಬಲವಂತವಾಗಿ ಬಾಯಿಗೆ ಹಾಕಬೇಡಿ, ಆ ಹೃದಯ ತಡೆಯಲ್ಲ. ಇವತ್ತೂ ಮಾತ್ರೆ ಹೋಗ್ಲಿಲ್ಲ ಅಂದ್ರೆ ವಾಪಸ್ ಕರ್ಕೊಂಡು ಬನ್ನಿ."

ವಾಪಸ್ ಬಂದರೆ ಏನೆಂಬುದು ಟೈಲರಮ್ಮನಿಗೆ ಗೊತ್ತಿತ್ತು. ಇಂಥ ರೋಗದ ನಾಯಿಯನ್ನು ಕೇಳಿಕೊಂಡು ಇನ್ನೊಬ್ಬರು ಬರುವುದು ಅನುಮಾನ. ಅದೇ ಶೆಡ್ಡಿನ ಇನ್ನೊಂದು ನಾಯಿ ಕ್ಲಿನಿಕ್ಕಿನ ಗೂಡಿನಲ್ಲಿ ಮೇಜಿನ ಕೆಳಗಿನ ಜಾಗಕ್ಕೆ ಕಾಯುತ್ತಿತ್ತು. ಆದರೂ ಅವರು ನಾಯಿ ಹೊರುವ ಬುಟ್ಟಿಯನ್ನು ಕೈಗೆತ್ತಿಕೊಂಡರು.

"ಎಲ್ಲಿಗೆ?" ಎಂದರು ಅತ್ತೆ.

"ನೋಡ್ಕೊಂಡು ಬರ್ತೀನಿ."

"ನೋಡೋಕೆ ಕಣ್ಣು ಸಾಲದಾ? ಬುಟ್ಟಿ ಬೇರೆ ಬೇಕಾ?"

ಟೈಲರಮ್ಮ ಬುಟ್ಟಿಯನ್ನು ಕೆಳಗಿಟ್ಟು, ಗುಂಡಿ ಹಚ್ಚುವುದೊಂದೇ ಬಾಕಿಯಿದ್ದ ಅಂಗಿಯೊಂದನ್ನು ಕೈಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು.

ಅವರು ಹೋದಾಗ ಡ್ರೈವರ್ ನೆಲದ ಮೇಲೆ ಕುಳಿತಿದ್ದರು. ನೋಯುವ ಮಂಡಿಯನ್ನು ಹೇಗೋ ಮಡಚಿ, ಒಂದು ಕೈಯಲ್ಲಿ ಬಟ್ಟಲು ಹಿಡಿದು, ಇನ್ನೊಂದು ಕೈಯನ್ನು ಮುಂದೆ ಚಾಚಿ, "ಒಂದೇ ಒಂದು ತುತ್ತು, ನನ್ನವ್ವ" ಎಂದು ಗೋಗರೆಯುತ್ತಿದ್ದರು. ಚಿಂದಿ ಗೋಡೆಯ ಮೂಲೆಗೆ ಅಂಟಿಕೊಂಡಿತ್ತು. ಟೈಲರಮ್ಮನನ್ನು ಕಂಡು ಬಾಲ ಅಲ್ಲಾಡಿಸಿತು. ಊಟದ ಕಡೆ ಮಾತ್ರ ತಿರುಗಲಿಲ್ಲ.

"ಬಟ್ಟಲು ಕೆಳಗಿಟ್ಟು ಮೇಲೆ ಏಳಿ ಅಣ್ಣಾ. ಸ್ವಲ್ಪ ಹೊತ್ತು ಬಿಟ್ಟು ನೋಡೋಣ."

ಇಬ್ಬರೂ ಕುರ್ಚಿಗಳಲ್ಲಿ ಕುಳಿತರು. ಸುಮ್ಮನೆ ಕೂರುವ ಅಭ್ಯಾಸವಿಲ್ಲದ ಟೈಲರಮ್ಮ ಅಂಗಿ ಹೊರತೆಗೆದು ಗುಂಡಿ ಹಚ್ಚತೊಡಗಿದರು. ಎರಡನೆಯ ಗುಂಡಿಗೆ ದಾರ ಪೋಣಿಸುವಾಗ ಕೆಳಗೆ ನೆಕ್ಕುವ ಸದ್ದಾಯಿತು.

ಫೋನಿನಲ್ಲಿ ಸದ್ದು ಹಾಕಿರಲಿಲ್ಲ. ಯಂತ್ರ ಅಲ್ಲೆಲ್ಲೂ ಇರಲಿಲ್ಲ. ಟೈಲರಮ್ಮ ಸೂಜಿ ಬಿಟ್ಟು ಕೈಯನ್ನು ತೊಡೆಯ ಮೇಲಿಟ್ಟರು. ಚಿಂದಿ ನಿಲ್ಲಿಸಿ ಆ ಕೈಯನ್ನೇ ನೋಡಿತು. ಮತ್ತೆ ಸೂಜಿ ಹಿಡಿದರು. ಮತ್ತೆ ತಿನ್ನತೊಡಗಿತು.

"ಸದ್ದಲ್ಲ ಅಣ್ಣಾ," ಎಂದರು ಅವರು ಮೆಲ್ಲಗೆ. "ಕೈ. ಆ ಶೆಡ್ಡಿನ ಗೂಡಿನೊಳಗೆ ಕೈ ಬಂತು ಅಂದ್ರೆ ಮರಿ ಎತ್ಕೊಂಡು ಹೋಗೋಕೆ ಬಂತು ಅಂತ. ಮೆಷಿನ್ ಓಡ್ತಿದ್ರೆ ನನ್ನ ಎರಡೂ ಕೈ ಬಟ್ಟೆ ಮೇಲಿರ್ತಿತ್ತು, ಅದಕ್ಕೇ ಧೈರ್ಯವಾಗಿ ತಿಂತಿತ್ತು. ನಾನೇ ನಿಮಗೆ ತಪ್ಪು ಹೇಳಿಕೊಟ್ಟೆ."

ಡ್ರೈವರ್ ತಮ್ಮ ಅಂಗೈಗಳನ್ನು ನೋಡಿಕೊಂಡರು. "ಅಯ್ಯೋ, ನಾನು ಬೆಳಿಗ್ಗೆಯಿಂದ ಇವನ್ನೇ ಅದರ ಮೂತಿಗೆ ಹಿಡಿದಿದ್ದೀನಲ್ಲಮ್ಮಾ. ಈಗ ಕಟ್ಟಿ ಹಾಕ್ತೀರಾ?"

"ಎರಡೂ ಕೈಲಿ ಏನಾದ್ರೂ ಹಿಡ್ಕೊಳ್ಳಿ. ಅದಕ್ಕೆ ಕಾಣೋ ಹಾಗೆ."

ಅವರು ದಿನಪತ್ರಿಕೆಯನ್ನು ಸ್ಟೀರಿಂಗ್ ಹಿಡಿದಂತೆ ಬಿಗಿಯಾಗಿ ಹಿಡಿದರು. ಮಾತ್ರೆಯಿದ್ದ ತುತ್ತು ಬಟ್ಟಲಿನಲ್ಲಿ ಇನ್ನೂ ಉಳಿದಿತ್ತು. ಟೈಲರಮ್ಮ ಅಂಗಿ ಮಡಚಿ ಎದ್ದರು. ತಾವಿರುವಾಗ ತಿಂದರೆ ಪ್ರಯೋಜನವಿಲ್ಲ. ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಕಿಟಕಿಯ ಪಕ್ಕ ನಿಂತರು.

ಬಹಳ ಹೊತ್ತು ಒಳಗೆ ಸದ್ದಿಲ್ಲ. ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಆಮೇಲೆ ಬಟ್ಟಲು ನೆಲಕ್ಕೆ ಉಜ್ಜುತ್ತಾ ಸ್ವಲ್ಪ ಜರುಗಿತು. ಮತ್ತೆ ಸ್ವಲ್ಪ.

"ಅಮ್ಮಾ," ಒಳಗಿನಿಂದ ಪಿಸುಮಾತು ಬಂತು, "ಮಾತ್ರೆ ಹೋಯ್ತು. ಬಟ್ಟಲನ್ನ ತಳ್ಕೊಂಡು ನನ್ನ ಕಾಲ ಹತ್ರಾನೇ ಬಂದಿದೆ. ಈ ಪುಟ ಓದಿ ಮುಗೀತು. ತಿರುವಬಹುದಾ?"

"ಬೇಡ ಬೇಡ. ಅದನ್ನೇ ಇನ್ನೊಂದ್ಸಲ ಓದಿ," ಎಂದು ಕಿಟಕಿಯಿಂದಲೇ ಹೇಳಿ ಟೈಲರಮ್ಮ ಚಪ್ಪಲಿ ಮೆಟ್ಟಿಕೊಂಡರು.