ಗುಬ್ಬಿಯಿಂದ ಕುಣಿಗಲ್‌ಗೆ, ಇಂಡಿಕೇಟರ್ ಕೇಳುತ್ತಾ

ಬೆಳಿಗ್ಗೆ ಆರೂವರೆಗೆ ಗುಬ್ಬಿ ಬಿಟ್ಟೆವು. ಲಾರಿಯ ತುಂಬ ತೆಂಗಿನ ನಾರು, ಕುಣಿಗಲ್‌ನಲ್ಲಿ ಹಗ್ಗ ಮಾಡುವವರಿಗೆ. ತುಮಕೂರು ಇಪ್ಪತ್ತು ಕಿಲೋಮೀಟರ್, ಅಲ್ಲಿಂದ ಕುಣಿಗಲ್‌ಗೆ ಇನ್ನೂ ಮೂವತ್ತೈದರ ಆಸುಪಾಸು. ಓಡಿಸುವವರು ನಮ್ಮ ಯಜಮಾನರು, ಎಡಗಡೆ ಸೀಟಿನಲ್ಲಿ ನಾನು. ಕೆರೆಯ ಮೇಲಿನ ಮಂಜು ರಸ್ತೆಗೂ ಬಂದು ಮಲಗಿತ್ತು. ತೆಂಗಿನ ಮರಗಳಿಗೆ ಬುಡವೇ ಇರಲಿಲ್ಲ, ಬರೀ ತಲೆಗಳು ತೇಲುತ್ತಿದ್ದವು.

ನಾನು ಲಾರಿ ಹತ್ತಿದ ಕಾರಣ ಹೇಳಿಬಿಡುತ್ತೇನೆ. ಇಂಜಿನ್ ಪಕ್ಕದಲ್ಲೇ ಅರ್ಧ ಆಯಸ್ಸು ಕಳೆದ ನಮ್ಮವರಿಗೆ ಹಾರನ್ ಕೇಳುತ್ತದೆ, ನಾನು ಜೋರಾಗಿ ಮಾತಾಡಿದರೆ ಕೇಳುತ್ತದೆ, ಇಂಡಿಕೇಟರಿನ ಟಿಕ್ ಟಿಕ್ ಮಾತ್ರ ಕೇಳುವುದಿಲ್ಲ. ನಮ್ಮದು ಹಳೇ ಲಾರಿ. ಸ್ಟೇರಿಂಗ್ ಬಳಿಯ ಇಂಡಿಕೇಟರ್ ಕಡ್ಡಿ ಎಂದೋ ಮುರಿದು, ಡ್ಯಾಶ್‌ಬೋರ್ಡಿನಲ್ಲೇ ಒಂದು ಸ್ವಿಚ್ ಕೂರಿಸಿದ್ದಾರೆ. ತಿರುವು ಮುಗಿದರೂ ಅದು ತಾನಾಗಿ ಆಫ್ ಆಗುವುದಿಲ್ಲ. ನಮ್ಮವರು ಹಾಕಿದ್ದನ್ನು ಮರೆತು ಮೈಲಿಗಟ್ಟಲೆ ಹೋಗುತ್ತಿದ್ದರು. ಒಂದು ದಿನ ಬೆಳ್ಳಾವಿ ಹತ್ತಿರ, ಲಾರಿ ಎಡಕ್ಕೆ ತಿರುಗುತ್ತದೆ ಎಂದು ನಂಬಿದ ಬೈಕಿನವನೊಬ್ಬ ಬೀಳುವುದರಲ್ಲಿದ್ದ. ಅವತ್ತಿನಿಂದ ನಾನೇ ಅವರ ಕಿವಿ. "ರೀ, ಇಂಡಿಕೇಟರ್!" ಎಂದು ಕೂಗುವುದು ನನ್ನ ಕೆಲಸ.

ಕೆಲಸ ಅಂದೆನಲ್ಲ, ನಿಜ ಹೇಳಬೇಕೆಂದರೆ ನನಗದು ಹಬ್ಬ. ಮದುವೆಯಾದ ಮೇಲೆ ನಾನು ಕಂಡಿದ್ದು ಮನೆ, ಹೊಲ, ತವರು, ಮತ್ತೆ ಮನೆ. ಈ ಸೀಟಿನ ಎತ್ತರದಿಂದ ಗೋಡೆಯಾಚೆಯ ಹಿತ್ತಿಲುಗಳೂ ಕಾಣುತ್ತವೆ. ಯಾರದೋ ಬಾವಿ, ಯಾರದೋ ದಾಸವಾಳ, ಹಲ್ಲುಜ್ಜುತ್ತಾ ನಿಂತ ಯಾರೋ ಒಬ್ಬಳು. ಅವಳು ನನ್ನನ್ನು ನೋಡುವಷ್ಟರಲ್ಲಿ ನಾನು ಮುಂದಿನ ಊರಿನಲ್ಲಿರುತ್ತೇನೆ.

ತುಮಕೂರು ಹತ್ತಿರವಾದಾಗ ನಮ್ಮವರು ಬಾಯಿ ಬಿಟ್ಟರು. "ಇವತ್ತು ಆ ಸ್ವಿಚ್‌ಗೆ ಒಂದು ಲೈಟ್ ಹಾಕಿಸ್ಬುಡ್ತೀನಿ. ಇಂಡಿಕೇಟರ್ ಆನ್ ಇದ್ರೆ ಕಣ್ಣೆದುರಿಗೇ ಮಿಣುಕ್ತಾ ಇರ್ಬೇಕು. ನಿಂಗೂ ಈ ಕುಲುಕಾಟ ತಪ್ತದೆ. ಮನೇಲಿ ಹಾಯಾಗಿರು."

ನನಗೆ ಉಪಕಾರ ಮಾಡುತ್ತಿದ್ದೇನೆ ಎಂಬ ಸಂತೋಷ ಅವರ ಮುಖದಲ್ಲಿತ್ತು. "ಯಾರಿಗ್ ಬೇಕಿತ್ತು ಹಾಯಾಗಿರೋದು?" ಎಂದೆ, ಮೆಲ್ಲಗೆ. ಮೆಲ್ಲಗೆ ಹೇಳಿದ್ದು ಅವರಿಗೆ ಕೇಳುವುದಿಲ್ಲ. ಜೋರಾಗಿ ಹೇಳಲು ಆ ಬೈಕಿನವನ ನೆನಪು ಅಡ್ಡ ಬಂತು. ಲೈಟು ಬೇಡ ಅನ್ನುವುದು ಹೇಗೆ?

ತುಮಕೂರಿನಲ್ಲಿ ತಟ್ಟೆ ಇಡ್ಲಿ ತಿಂದು, ಲಾರಿಗಳ ವೈರಿಂಗ್ ಮಾಡುವ ನಯಾಜ್‌ನ ಶೆಡ್ಡಿಗೆ ಹೋದೆವು. ಅವನು ಸ್ವಿಚ್ಚನ್ನು ಹೊರಗೆಳೆದಾಗ ಹಿಂದಿನಿಂದ ಹಳದಿ, ಹಸಿರು, ಕೆಂಪು ವೈರುಗಳು ಇಳಿಬಿದ್ದವು. ಎಡಗಡೆ ವೈರು, ಬಲಗಡೆ ವೈರು ಎರಡರಿಂದಲೂ ಒಂದೊಂದು ಎಳೆ ತಂದು ಒಂದೇ ಬಲ್ಬಿಗೆ ಸೇರಿಸಿದ. ನಮ್ಮವರು ಎಡಕ್ಕೆ ಒತ್ತಿದರು. ಲಾರಿಯ ಎರಡೂ ಕಡೆ ಇಂಡಿಕೇಟರ್ ಮಿನುಗತೊಡಗಿತು. ನನಗೆ ಒಳಗೊಳಗೇ ಖುಷಿಯಾಯಿತು.

"ಆಗ್ದೇ ಇದ್ರೆ ಬುಡಪ್ಪಾ, ಬಲವಂತ ಏನಿಲ್ಲ," ಎಂದೆ.

"ಯಾಕಕ್ಕಾ ಆಗಲ್ಲ? ಎರಡ್ ಬಲ್ಬ್ ಹಾಕಿದ್ರಾಯ್ತು, ಒಂದೊಂದು ಕಡೆಗೆ ಒಂದೊಂದು," ಎಂದು ನಕ್ಕು ನಯಾಜ್ ಮತ್ತೆ ಟೇಪು ಸುತ್ತಿದ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಸ್ಟೇರಿಂಗ್ ಹಿಂದೆಯೇ. ಬಿಸಿಲಿನಲ್ಲೂ ಕಣ್ಣಿಗೆ ಹೊಡೆಯುತ್ತಿದ್ದವು.

ಗೂಳೂರು ದಾಟಿದ ಮೇಲೆ ನಮ್ಮವರು ತಾವೇ ಹಾಕಿದರು, ತಾವೇ ಆರಿಸಿದರು. ಕೆಲಸವಿಲ್ಲದ ನನ್ನ ಕಿವಿಗೆ ಜೋಂಪು ಹತ್ತಿತು. ಕನಸಿನಲ್ಲಿ ನಾನು ನಮ್ಮ ಅಂಗಳದಲ್ಲಿ ನಿಂತಿದ್ದೆ. ಲಾರಿ ಮಂಜಿನ ಮೇಲೆ, ತೆಂಗಿನ ತಲೆಗಳ ನಡುವೆ, ಸದ್ದಿಲ್ಲದೆ ಹೋಗುತ್ತಿತ್ತು. ಎಡಗಡೆ ಸೀಟು ಖಾಲಿ. ಎಷ್ಟು ಕೂಗಿದರೂ ನನ್ನ ದನಿ ಅಲ್ಲಿಗೆ ಮುಟ್ಟಲಿಲ್ಲ. ಹೆಬ್ಬೂರಿನಲ್ಲಿ ಅವರು ಟೀ ಹಿಡಿದು ಎಬ್ಬಿಸಿದರು. "ನಿದ್ದೆ ಬಂತೇನೇ? ಮನೇಲಾದ್ರೆ ಕಾಲು ಚಾಚ್ಕೊಂಡು ಮಲಗ್ಬೋದು," ಎಂದರು. ಟೀ ಸಿಹಿ ಜಾಸ್ತಿಯಾಗಿತ್ತು, ಅರ್ಧ ಚೆಲ್ಲಿದೆ.

ಕುಣಿಗಲ್‌ನಲ್ಲಿ ನಾರು ಇಳಿಸುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಅಲ್ಲಿನ ಕುದುರೆ ಫಾರಮ್ಮಿನ ಬೇಲಿಯಾಚೆ ಕಂದು ಕುದುರೆಗಳು ತಲೆ ತಗ್ಗಿಸಿ ಮೇಯುತ್ತಿದ್ದವು. ಒಂದು ಮರಿ ಸುಮ್ಮಸುಮ್ಮನೆ ಓಡಿತು, ನಿಂತಿತು, ಮತ್ತೆ ಓಡಿತು. ಇನ್ನು ನೋಡಲು ಸಿಗುವುದಿಲ್ಲ ಎನ್ನುವ ಹಾಗೆ ನಾನು ಎಲ್ಲವನ್ನೂ ದಿಟ್ಟಿಸಿದೆ. ಕುಣಿಗಲ್ ಕೆರೆಯ ನೀರು ಸಂಜೆಗೆ ತಾಮ್ರದ ಕೊಳಗದ ಬಣ್ಣಕ್ಕೆ ತಿರುಗಿತ್ತು.

ವಾಪಸ್ ಹೊರಟು ತುಮಕೂರು ರಸ್ತೆಗೆ ತಿರುಗಿದೆವು. ಹಿಂದೆ ಮುಂದೆ ಯಾರೂ ಇರಲಿಲ್ಲ. ಟಿಕ್ ಟಿಕ್ ನಿಲ್ಲಲಿಲ್ಲ. ಕೆಂಪು ದೀಪ ಅವರ ಮೂಗಿನೆದುರಿಗೇ ಹತ್ತಿ ಆರುತ್ತಿತ್ತು. ನಮ್ಮವರು ರಸ್ತೆ ನೋಡುತ್ತಾ ಕೂತಿದ್ದರು. ನಾನು ತುಟಿ ಕಚ್ಚಿಕೊಂಡೆ. ನನಗೇಕೆ, ಲೈಟಿದೆಯಲ್ಲ! ಆದರೂ ತಡೆಯಲಾಗಲಿಲ್ಲ.

"ರೀ, ಇಂಡಿಕೇಟರ್!"

ತಕ್ಷಣ ಆರಿಸಿದರು.

"ಅಷ್ಟು ದೊಡ್ಡ ಲೈಟು ಕಾಣ್ಲಿಲ್ವಾ?"

"ಕಾಣ್ತಿತ್ತು."

"ಮತ್ತೆ?"

ಅವರು ಗೇರ್ ಬದಲಿಸಿದರು. ಆಮೇಲೆ ರಸ್ತೆಯಿಂದ ಕಣ್ಣು ತೆಗೆಯದೆ, "ಹೆಬ್ಬೂರಿಂದ ನೀನು ಒಂದ್ ಮಾತೂ ಆಡ್ಲಿಲ್ಲ ಕಣೇ," ಎಂದರು. "ನಾಳೆ ವಸಂತನರಸಾಪುರಕ್ಕೆ ಲೋಡ್ ಐತೆ. ಬೇಗ ಎದ್ದೇಳು."

ಬುತ್ತಿಗೆ ಏನು ಕಟ್ಟಲಿ ಎಂದು ಕೇಳಿದೆ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ, ಜೋರಾಗಿ ಕೇಳಿದೆ.